ಮೂಳೆಗಿಂತ ಹಳೆಯ ಕಲ್ಲು

ಹಿರೇಕೆರೂರು ಕಡೆ ಬಾವಿ ತೋಡಿದರೂ ಅಷ್ಟೇ, ಶಿಗ್ಗಾವಿ ಹತ್ತಿರ ಕೃಷಿ ಹೊಂಡಕ್ಕೆ ಜೆಸಿಬಿ ಇಳಿಸಿದರೂ ಅಷ್ಟೇ: ಮೊದಲು ಮಣ್ಣು, ಅದರ ಕೆಳಗೆ ಗರಸು, ಆಮೇಲೆ ಹಲವು ಕಡೆ ಹಲಗೆ ಹಲಗೆಯಾಗಿ ಏಳುವ ಬೂದು ಕಲ್ಲು. ದಂಡೆಯ ಮೇಲೆ ಗುಡ್ಡೆ ಬಿದ್ದ ಆ ಕಲ್ಲುಗಳ ನಡುವೆ ಆಡುವ ಮಕ್ಕಳು ಒಂದಲ್ಲ ಒಂದು ದಿನ ಕೇಳುತ್ತಾರೆ: ಇದರಲ್ಲಿ ಡೈನೋಸಾರ್ ಮೂಳೆ ಇರಬಹುದೇ? ಗುಜರಾತಿನ ಬಾಲಾಸಿನೋರ್ ಬಳಿ ಡೈನೋಸಾರ್ ಮೊಟ್ಟೆಗಳು ಸಿಕ್ಕಿವೆ. ಕಛ್‌ನ ಲಿಗ್ನೈಟ್ ಗಣಿಯಲ್ಲಿ ದೊರೆತ 27 ಬೆನ್ನೆಲುಬಿನ ಮಣಿಗಳಿಂದ 11ರಿಂದ 15 ಮೀಟರ್ ಉದ್ದದ ಹಾವೊಂದನ್ನು ಗುರುತಿಸಿ, 2024ರಲ್ಲಿ ಅದಕ್ಕೆ ವಾಸುಕಿ ಎಂದು ಹೆಸರಿಟ್ಟಿದ್ದಾರೆ. ಅಲ್ಲಿ ಸಿಕ್ಕದ್ದು ಇಲ್ಲೇಕೆ ಸಿಗಬಾರದು?

ಉತ್ತರ ನೇರವಾದದ್ದು. ಆ ಬೂದು ಕಲ್ಲಿನಲ್ಲಿ ಮೂಳೆ ಸಿಗುವುದಿಲ್ಲ. ಆದರೆ ಅಷ್ಟು ಹೇಳಿ ಮಗುವನ್ನು ಕಳಿಸಿಬಿಟ್ಟರೆ ನಾವು ಅರ್ಧ ಸತ್ಯ ಹೇಳಿದಂತೆ. ನಮ್ಮ ಕಲ್ಲಿನಲ್ಲಿ ಮೂಳೆ ಇಲ್ಲದಿರುವುದು ಈ ನೆಲದ ಬಡತನದಿಂದಲ್ಲ. ಆ ಕಲ್ಲು ಹುಟ್ಟಿದಾಗ ಲೋಕದಲ್ಲಿ ಎಲ್ಲಿಯೂ ಮೂಳೆಯೇ ಇರಲಿಲ್ಲ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಕೆಳಗಿರುವುದು ಮೂಳೆಗಿಂತ ಹಳೆಯ ನೆಲ.

ತಾರಕೇಶ್ವರನ ಬಾಗಿಲಿನಿಂದ 260 ಹೆಜ್ಜೆ

ಕೋಟಿ ವರ್ಷ ಎಂದರೆ ಮನಸ್ಸಿಗೆ ನಿಲುಕುವುದಿಲ್ಲ. ಅದಕ್ಕೆ ಒಂದು ನಡಿಗೆ ಮಾಡೋಣ. ಹಾನಗಲ್ಲಿನ ತಾರಕೇಶ್ವರ ದೇವಾಲಯದ ಬಾಗಿಲಲ್ಲಿ ನಿಂತು ಹಿಂದಿನ ಕಾಲದ ಕಡೆಗೆ ಹೊರಡುವುದು. ಒಂದು ಹೆಜ್ಜೆಗೆ ಒಂದು ಕೋಟಿ ವರ್ಷ. ಹೆಜ್ಜೆಯ ಉದ್ದ ಎರಡೂವರೆ ಅಡಿ ಎಂದಿಟ್ಟುಕೊಳ್ಳಿ.

ಕಲ್ಯಾಣ ಚಾಲುಕ್ಯರ ಕಾಲದ ಆ ದೇವಾಲಯಕ್ಕೆ ಸುಮಾರು 900 ವರ್ಷ. ನಮ್ಮ ಅಳತೆಯಲ್ಲಿ ಅದು ಒಂದು ಕೂದಲೆಳೆಯ ದಪ್ಪ. ನಮ್ಮಂಥ ಮನುಷ್ಯರು ಭೂಮಿಯ ಮೇಲೆ ಕಾಣಿಸಿಕೊಂಡು ಸುಮಾರು 3 ಲಕ್ಷ ವರ್ಷ, ಅಂದರೆ ಹೆಬ್ಬೆರಳಿನ ಅಗಲ. ಏಳನೆಯ ಹೆಜ್ಜೆ ಎತ್ತಿ ಇಡುವಷ್ಟರಲ್ಲಿ, 6.6 ಕೋಟಿ ವರ್ಷಗಳ ಹಿಂದೆ, ಹಕ್ಕಿಗಳ ಕುಲವೊಂದನ್ನು ಬಿಟ್ಟು ಉಳಿದ ಡೈನೋಸಾರ್‌ಗಳೆಲ್ಲ ಅಳಿದ ಗಳಿಗೆ ಬರುತ್ತದೆ. ಬೆಳಗಾವಿಯ ಉತ್ತರ ಭಾಗ, ವಿಜಯಪುರ, ಬೀದರ್‌ಗಳನ್ನು ಹೊದಿಸಿದ ದಖ್ಖನ್ ಲಾವಾ ಉಕ್ಕಿದ್ದೂ ಆ ಹೆಜ್ಜೆಯ ಆಸುಪಾಸಿನಲ್ಲೇ. ಡೈನೋಸಾರ್‌ಗಳ ಆರಂಭ 23ನೇ ಹೆಜ್ಜೆಯ ಸುತ್ತ. 54ನೇ ಹೆಜ್ಜೆಗೆ ಹೋದರೆ ಸಮುದ್ರದಲ್ಲಿ ಚಿಪ್ಪು, ಕವಚ ಹೊತ್ತ ಪ್ರಾಣಿಗಳು ಹೆಚ್ಚತೊಡಗಿದ ಕಾಲ. ಮೂಳೆ ಅದಕ್ಕೂ ಈಚಿನದು. ನಮ್ಮ ಬಾವಿಯ ಕಲ್ಲನ್ನು ಮುಟ್ಟಬೇಕಾದರೆ ಇನ್ನೂ ನಡೆಯಬೇಕು. ನೂರು ಹೆಜ್ಜೆ ಆಗುತ್ತದೆ, ಇನ್ನೂರು ಆಗುತ್ತದೆ. ಸುಮಾರು 260ನೇ ಹೆಜ್ಜೆಗೆ ಅದು ಕಾಲಿಗೆ ತಾಗುತ್ತದೆ.

ಈ ಲೆಕ್ಕ ಊಹೆಯದಲ್ಲ. ಜ್ವಾಲಾಮುಖಿಯ ಕಲ್ಲಿನಲ್ಲಿ ಜಿರ್ಕಾನ್ ಎಂಬ ಸಣ್ಣ ಹರಳುಗಳಿರುತ್ತವೆ. ಹರಳು ಹುಟ್ಟುವಾಗ ಒಳಗೆ ಒಂದಿಷ್ಟು ಯುರೇನಿಯಂ ಸೇರಿಸಿಕೊಳ್ಳುತ್ತದೆ, ಸೀಸವನ್ನು ಹೆಚ್ಚುಕಡಿಮೆ ಸೇರಿಸುವುದೇ ಇಲ್ಲ. ಆ ಯುರೇನಿಯಂ ಗೊತ್ತಾದ ವೇಗದಲ್ಲಿ ಸೀಸವಾಗುತ್ತ ಹೋಗುತ್ತದೆ. ಯುರೇನಿಯಂ-238ರ ಅರ್ಧದಷ್ಟು ಸೀಸವಾಗಲು ಸುಮಾರು 447 ಕೋಟಿ ವರ್ಷ ಬೇಕು. ಈಗ ಹರಳಿನಲ್ಲಿ ಯುರೇನಿಯಂ ಎಷ್ಟು, ಸೀಸ ಎಷ್ಟು ಎಂದು ಅಳೆದರೆ ಅದರ ವಯಸ್ಸು ತಿಳಿಯುತ್ತದೆ. ನಮ್ಮ ಕಲ್ಲುಗಳ ಶಿಲಾಪಟ್ಟಿಯಲ್ಲೇ ಇರುವ, ಚನ್ನಗಿರಿ ಕಡೆಯ ದಾಗಿನಕಟ್ಟೆಯ ಜ್ವಾಲಾಮುಖಿ ಶಿಲೆಗೆ ಹೀಗೆ ಅಳೆದಾಗ ಸಿಕ್ಕ ವಯಸ್ಸು ಸುಮಾರು 261 ಕೋಟಿ ವರ್ಷ. ಈ ಅಳತೆ ಪ್ರಕಟವಾದದ್ದು 1996ರಲ್ಲಿ.

ಲೋಕವೇ ಹೇಳುವ ಧಾರವಾಡದ ಹೆಸರು

1997ರಲ್ಲಿ ಹಾವೇರಿ ಜಿಲ್ಲೆ ಆಗುವವರೆಗೆ ಈ ನಾಲ್ಕೂ ತಾಲ್ಲೂಕುಗಳು ಧಾರವಾಡ ಜಿಲ್ಲೆಯಲ್ಲಿದ್ದವು. ಆಡಳಿತದ ನಕ್ಷೆ ಬದಲಾಯಿತು, ಭೂವಿಜ್ಞಾನದ ನಕ್ಷೆಯಲ್ಲಿ ಆ ಹೆಸರು ಉಳಿಯಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದಲ್ಲಿ ಈ ಸೀಮೆಯನ್ನೆಲ್ಲ ಸುತ್ತಿ, ಇಲ್ಲಿನ ಪದರುಗಲ್ಲುಗಳನ್ನು ಒಂದು ವರ್ಗವಾಗಿ ಗುರುತಿಸಿ ಧಾರವಾಡದ ಹೆಸರು ಕೊಟ್ಟರು. ಇಂದು ಆಸ್ಟ್ರೇಲಿಯಾದಲ್ಲಾಗಲಿ ಕೆನಡಾದಲ್ಲಾಗಲಿ ಭೂಮಿಯ ಬಾಲ್ಯವನ್ನು ಓದುವ ವಿದ್ಯಾರ್ಥಿಗೆ ಧಾರವಾಡ ಎಂಬುದು ಪರಿಚಿತ ಪದ.

ನಮ್ಮ ಬೂದು ಕಲ್ಲಿಗೆ ಭೂವಿಜ್ಞಾನಿಗಳು ರಾಣೆಬೆನ್ನೂರಿನ ಹೆಸರಿಟ್ಟಿದ್ದಾರೆ. ಮರಳು, ಕೆಸರು, ಕಲ್ಲಿನ ಚೂರು ಎಲ್ಲವೂ ಕಲಸಿ ಸಮುದ್ರದ ಇಳಿಜಾರಿನಲ್ಲಿ ಜಾರಿ, ಆಳದಲ್ಲಿ ಪದರ ಪದರವಾಗಿ ಕುಳಿತು ಗಟ್ಟಿಯಾದ ಕಲ್ಲು ಅದು. ಗ್ರೇವ್ಯಾಕ್ ಎನ್ನುತ್ತಾರೆ. ಇಂದು ಗೋವಿನಜೋಳ, ಹತ್ತಿ, ಮೆಣಸಿನಕಾಯಿ ಬೆಳೆಯುವ ಹೊಲಗಳ ಬುಡದಲ್ಲಿ ಒಂದು ಸಮುದ್ರದ ತಳ ಮಲಗಿದೆ.

ಸಮುದ್ರದ ತಳವಾದರೆ ಜೀವದ ಗುರುತು ಉಳಿಯಬೇಕಲ್ಲವೇ? ಅದಕ್ಕೆ ಪಳೆಯುಳಿಕೆ ಆಗುವ ಬಗೆ ತಿಳಿಯಬೇಕು. ಸತ್ತ ಜೀವಿ ಕೊಳೆಯುವ ಮೊದಲೇ, ನಾಯಿ ನರಿ ಎಳೆದೊಯ್ಯುವ ಮೊದಲೇ ಕೆಸರಿನಲ್ಲಿ ಹೂತುಹೋಗಬೇಕು. ಮೆತ್ತಗಿನ ಭಾಗ ಹೋದರೂ ಗಟ್ಟಿ ಭಾಗದಲ್ಲಿ ನೀರಿನಲ್ಲಿ ಕರಗಿದ ಖನಿಜಗಳು ತುಂಬಿಕೊಳ್ಳಬೇಕು. ಆಮೇಲೆ ಆ ಪದರ ಬೇಯದೆ, ನುಗ್ಗಾಗದೆ ಉಳಿಯಬೇಕು. ಕೋಟಿಗೊಂದು ಜೀವಿಗೆ ಈ ಯೋಗ ಬಂದರೆ ಹೆಚ್ಚು. ನಮ್ಮ ಕಲ್ಲುಗಳಿಗೆ ಕೊನೆಯ ಷರತ್ತೇ ತಪ್ಪಿಹೋಯಿತು. ಅವು ಭೂಮಿಯ ಆಳಕ್ಕೆ ಇಳಿದು, ಬಿಸಿಗೆ ಬೆಂದು, ಒತ್ತಡಕ್ಕೆ ಮಡಚಿಕೊಂಡು ಮೇಲೆ ಬಂದವು.

ಆ ಬೇಯುವಿಕೆಯ ಇನ್ನೊಂದು ಫಲವನ್ನು ತಾರಕೇಶ್ವರದ ಕಂಬಗಳಲ್ಲೇ ನೋಡಬಹುದು. ಇದೇ ಧಾರವಾಡ ವರ್ಗದ ಹಳೆಯ ಲಾವಾ ಶಿಲೆಗಳು ಬಿಸಿ, ಒತ್ತಡ, ನೀರು ಸೇರಿ ಮಾರ್ಪಟ್ಟಾಗ ಬಳಪದ ಕಲ್ಲಿನ ಜಾತಿಯ ಮೆತ್ತನೆಯ ಶಿಲೆಗಳಾದವು. ತಾವರೆಯನ್ನು ಚಾವಣಿಯಲ್ಲಿ ಅರಳಿಸಿದ ಶಿಲ್ಪಿಗೆ ಆ ಮೆತ್ತನೆ ವರವಾಯಿತು. ಪಳೆಯುಳಿಕೆ ಹುಡುಕುವವನಿಗೆ ಅದೇ ಕಷ್ಟ ತಂದಿತು.

ಹಾವಸೆ ಕಟ್ಟಿದ ಕಲ್ಲು

ಹಾಗಾದರೆ ಧಾರವಾಡ ಶಿಲೆಗಳಲ್ಲಿ ಜೀವದ ಗುರುತೇ ಇಲ್ಲವೇ? ಇದೆ. ಅದನ್ನು ನೋಡಲು ಹೆಚ್ಚು ದೂರ ಹೋಗಬೇಕಾಗಿಲ್ಲ. ಹಿರಿಯೂರಿನ ವಾಣಿವಿಲಾಸ ಸಾಗರ ಇರುವ ಮಾರಿಕಣಿವೆ ಪ್ರದೇಶದ ಸುಣ್ಣದ ಕಲ್ಲುಗಳಲ್ಲಿ, ಶಿವಮೊಗ್ಗದ ಕುಂಸಿ ಕಡೆ, ಸಂಡೂರಿನ ಬೆಟ್ಟಗಳಲ್ಲಿ ಸ್ಟ್ರೊಮ್ಯಾಟೊಲೈಟ್ ಎಂಬ ರಚನೆಗಳನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಈರುಳ್ಳಿಯನ್ನು ಅಡ್ಡ ಕೊಯ್ದಾಗ ಕಾಣುವಂಥ ಪದರಗಳು, ಒಂದರ ಮೇಲೊಂದು ಬೋರಲು ಹಾಕಿದ ಬಟ್ಟಲುಗಳಂಥ ಗುಬ್ಬಿಗಳು. ಮೇಲುನೋಟಕ್ಕೆ ಬರೀ ಗೆರೆ.

ಆ ಗೆರೆಗಳನ್ನು ಕಟ್ಟಿದ್ದು ಕಣ್ಣಿಗೆ ಕಾಣದ ಜೀವಿಗಳು. ಮಳೆಗಾಲದಲ್ಲಿ ಬಾವಿಯ ಮೆಟ್ಟಿಲಿಗೆ ಹಾವಸೆ ಕಟ್ಟುವುದನ್ನು ನಾವೆಲ್ಲ ನೋಡಿದ್ದೇವೆ. ಕಾಲಿಟ್ಟರೆ ಜಾರುವ ಆ ಲೋಳೆಯಲ್ಲಿ ಸಯನೋಬ್ಯಾಕ್ಟೀರಿಯಾ, ಅಂದರೆ ಶಾಲೆಯ ಪುಸ್ತಕದ ನೀಲಿ-ಹಸಿರು ಪಾಚಿ, ಬೆರೆತಿರುವುದುಂಟು. ಹಿಂದೆ ಆಳವಿಲ್ಲದ ಸಮುದ್ರದಂಚಿನಲ್ಲಿ ಇಂಥ ಸೂಕ್ಷ್ಮಜೀವಿಗಳು ಚಾಪೆಯಂತೆ ಹರಡಿದ್ದವು. ಅಲೆ ತಂದ ಸಣ್ಣ ಕಣಗಳು ಆ ಲೋಳೆಗೆ ಅಂಟಿದವು, ನೀರಿನ ಸುಣ್ಣವೂ ಅಲ್ಲೇ ಕುಳಿತಿತು. ಚಾಪೆ ಮುಚ್ಚಿಹೋದಾಗ ಜೀವಿಗಳು ಬೆಳಕು ಹುಡುಕಿಕೊಂಡು ಮೇಲೆ ಬಂದು ಹೊಸ ಚಾಪೆ ಹಾಸಿದವು. ಅದೂ ಮುಚ್ಚಿತು, ಮತ್ತೆ ಮೇಲೆ ಬಂದವು. ಕೂದಲಿನಷ್ಟು ತೆಳುವಾದ ಈ ಪದರಗಳು ಸೇರಿ ಕಲ್ಲಾದವು. ಈ ಕೆಲಸ ಇಂದಿಗೂ ನಿಂತಿಲ್ಲ. ಪಶ್ಚಿಮ ಆಸ್ಟ್ರೇಲಿಯಾದ ಶಾರ್ಕ್ ಕೊಲ್ಲಿಯ ಅತಿ ಉಪ್ಪು ನೀರಿನಲ್ಲಿ ಜೀವಂತ ಸ್ಟ್ರೊಮ್ಯಾಟೊಲೈಟ್‌ಗಳು ಬೆಳೆಯುತ್ತಿವೆ. ಅದೇ ರಾಜ್ಯದ ಪಿಲ್ಬರಾ ಪ್ರದೇಶದಲ್ಲಿ ಸುಮಾರು 348 ಕೋಟಿ ವರ್ಷ ಹಳೆಯವೂ ಇವೆ.

ಇವು ಆಳವಿಲ್ಲದ, ಬೆಳಕು ಬೀಳುವ ನೀರಿನಲ್ಲಿ ಬೆಳೆದವು. ಹಾವೇರಿ ಕಡೆಯ ಗ್ರೇವ್ಯಾಕ್ ಆಳದ ಕೆಸರು. ನಮ್ಮ ಬಾವಿಯ ಕಲ್ಲಿನಲ್ಲಿ ಆ ಗುಬ್ಬಿಗಳು ಕಾಣದಿರುವುದಕ್ಕೆ ಕಾರಣ ಅದು. ಕುಂಸಿ ಕಡಲ ದಂಡೆಯಾದರೆ ನಮ್ಮದು ಆಳದ ಕಡಲು.

ಮೂಳೆಗೆ ಮೊದಲು ಉಸಿರು

ಈ ಸೂಕ್ಷ್ಮಜೀವಿಗಳಿಗೂ ಡೈನೋಸಾರ್‌ಗೂ ಏನು ಸಂಬಂಧ ಎಂದು ಮಗು ಕೇಳಬಹುದು. ಸಂಬಂಧ ಬಹಳ ಹತ್ತಿರದ್ದು. ಆ ಕಾಲದ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲವೆಂದೇ ಹೇಳಬೇಕು. ಸಯನೋಬ್ಯಾಕ್ಟೀರಿಯಾಗಳು ಬಿಸಿಲು, ನೀರು, ಇಂಗಾಲದ ಡೈಆಕ್ಸೈಡ್ ಬಳಸಿ ತಮ್ಮ ಆಹಾರ ಮಾಡಿಕೊಂಡವು, ಆಮ್ಲಜನಕವನ್ನು ಹೊರಗೆ ಬಿಟ್ಟವು. ಬಿಟ್ಟದ್ದು ಕೂಡಲೇ ಗಾಳಿಗೆ ಸೇರಲಿಲ್ಲ. ಸಮುದ್ರದ ನೀರಿನಲ್ಲಿ ಕರಗಿದ್ದ ಕಬ್ಬಿಣ ಅದನ್ನು ಹೀರಿಕೊಂಡು, ತುಕ್ಕಿನಂತೆ ತಳಕ್ಕೆ ಇಳಿಯಿತು. ಬಾಬಾಬುಡನ್‌ಗಿರಿ ಮತ್ತು ಸಂಡೂರಿನ ಪಟ್ಟೆ ಪಟ್ಟೆಯ ಕಬ್ಬಿಣದ ಕಲ್ಲುಗಳು ಹುಟ್ಟಿದ ಬಗೆಗೆ ಇದು ಒಂದು ಮುಖ್ಯ ವಿವರಣೆ. ಸಂಡೂರಿನ ಮ್ಯಾಂಗನೀಸ್ ಅದಿರಿನಲ್ಲಿಯೂ ಅಲ್ಲಲ್ಲಿ ಆಮ್ಲಜನಕ ಸುಳಿದಾಡಿದ ಸಾಕ್ಷಿಯನ್ನು ಹಲವು ವಿಜ್ಞಾನಿಗಳು ಓದುತ್ತಾರೆ. ಗಾಳಿಯಲ್ಲಿ ಆಮ್ಲಜನಕ ನೆಲೆ ನಿಂತದ್ದು 240 ಕೋಟಿ ವರ್ಷಗಳ ಹಿಂದಿನಿಂದ ಈಚೆಗೆ.

ಮೂಳೆ ಎಂದರೆ ಬರೀ ಸುಣ್ಣವಲ್ಲ. ಅದರೊಳಗೆ ಕೊಲಾಜೆನ್ ಎಂಬ ನಾರಿನ ಹಂದರವಿದೆ. ನಮ್ಮ ಚರ್ಮ, ಸ್ನಾಯುರಜ್ಜು, ಮೂಳೆಗಳನ್ನು ಹಿಡಿದಿಟ್ಟಿರುವುದು ಅದೇ. ಆ ನಾರನ್ನು ಗಟ್ಟಿಯಾಗಿ ಹೆಣೆಯಲು ದೇಹಕ್ಕೆ ಆಮ್ಲಜನಕ ಬೇಕೇ ಬೇಕು. ಹಾವಸೆ ದುಡಿಯದಿದ್ದರೆ ಎಲುಬಿಲ್ಲ, ಎಲುಬಿಲ್ಲದಿದ್ದರೆ ಡೈನೋಸಾರ್ ಇಲ್ಲ, ಕೇಳುತ್ತಿರುವ ಮಗುವೂ ಇಲ್ಲ. ಗುಜರಾತಿನ ಕಲ್ಲು ಕಥೆಯ ಈಚಿನ ಅಧ್ಯಾಯವಾದರೆ, ನಮ್ಮ ಸೀಮೆಯ ಕಲ್ಲು ಆ ಕಥೆ ಸಾಧ್ಯವಾದ ಮೊದಲ ಅಧ್ಯಾಯಗಳಲ್ಲೊಂದು.

ಕಲ್ಲು ಮೋಸ ಮಾಡುವುದಿಲ್ಲ, ಕಣ್ಣು ಮಾಡುತ್ತದೆ

ಪಳೆಯುಳಿಕೆ ಸಿಕ್ಕಿತು ಎಂಬ ಸುದ್ದಿ ಬಂದಾಗಲೆಲ್ಲ ಸ್ವಲ್ಪ ನಿಧಾನ ಬೇಕು. ಪದರುಗಲ್ಲನ್ನು ಒಡೆದಾಗ ಒಳಗೆ ಜರೀಗಿಡದ ಎಲೆಯಂಥ ಕಪ್ಪು ಚಿತ್ರ ಕಾಣುವುದುಂಟು. ನೂರಕ್ಕೆ ನೂರು ಗಿಡವೆಂದೇ ಅನಿಸುತ್ತದೆ. ಹೆಚ್ಚಿನ ಸಲ ಅದು ಮ್ಯಾಂಗನೀಸ್. ಬಿರುಕಿನಲ್ಲಿ ನೀರು ಹರಿದಾಗ ಖನಿಜ ಕವಲೊಡೆದು ಬೆಳೆದ ಚಿತ್ರ. ಬಯಲಿನಲ್ಲಿ ಮೊಟ್ಟೆಯಂತೆ ಕೂತ ಗುಂಡುಗಳು ಬಿಸಿಲು ಮಳೆಗೆ ಮೂಲೆಗಳು ಸವೆದು ದುಂಡಾದ ಬಂಡೆಗಳು. ಇದಕ್ಕೆ ತದ್ವಿರುದ್ಧವಾದದ್ದೂ ನಡೆದಿದೆ. ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ ಹಳ್ಳಿಯ ಜನ ಹೊಲ ಕಾಯುವ ದೇವರೆಂದು ಪೂಜಿಸುತ್ತಿದ್ದ ಗುಂಡುಕಲ್ಲುಗಳು ಡೈನೋಸಾರ್ ಮೊಟ್ಟೆಗಳೆಂದು 2023ರಲ್ಲಿ ಸುದ್ದಿಯಾಯಿತು. ಆಕಾರ ಒಂದನ್ನೇ ನಂಬಿದರೆ ಎರಡೂ ಕಡೆ ತಪ್ಪುತ್ತೇವೆ.

ದೊಡ್ಡ ವಿಜ್ಞಾನಿಗಳೂ ತಪ್ಪುತ್ತಾರೆ. ಅದೇ ಮಧ್ಯಪ್ರದೇಶದ ಭೀಮ್‌ಬೇಟ್ಕಾ ಗುಹೆಯ ಗೋಡೆಯ ಮೇಲೆ ಡಿಕಿನ್ಸೋನಿಯಾ ಎಂಬ, 55 ಕೋಟಿ ವರ್ಷ ಹಳೆಯ ಜೀವಿಯ ಅಚ್ಚು ಕಂಡಿತೆಂದು 2021ರಲ್ಲಿ ಪ್ರಬಂಧ ಪ್ರಕಟವಾಯಿತು. ಲೋಕವೆಲ್ಲ ಸಂಭ್ರಮಿಸಿತು. ಇನ್ನೊಂದು ತಂಡ ಅಲ್ಲಿಗೇ ಹೋಗಿ ನೋಡಿದಾಗ, ಅದು ಬಂಡೆಗೆ ಅಂಟಿ ಕೊಳೆತ ಹೆಜ್ಜೇನು ಗೂಡಿನ ಗುರುತು ಎಂದು ತಿಳಿಯಿತು. 2023ರ ಹೊತ್ತಿಗೆ ಮೊದಲ ಪ್ರಬಂಧದ ಪ್ರಮುಖ ಲೇಖಕರೂ ಅದನ್ನು ಒಪ್ಪಿಕೊಂಡರು. ವಿಜ್ಞಾನದ ಮೇಲೆ ನಂಬಿಕೆ ಇಡಲು ಇದು ಕಾರಣವಾಗಬೇಕು, ಬಿಡಲು ಅಲ್ಲ. ಇನ್ನೊಬ್ಬರು ಹೋಗಿ ನೋಡಲು ಅಲ್ಲಿ ಜಾಗವಿದೆ, ತಪ್ಪಾಯಿತು ಎನ್ನಲು ಅವಕಾಶವಿದೆ. ಸ್ಟ್ರೊಮ್ಯಾಟೊಲೈಟ್‌ಗಳ ವಿಷಯದಲ್ಲೂ ಅದೇ ಕಟ್ಟುನಿಟ್ಟು. ಜೀವವಿಲ್ಲದೆಯೂ ಪದರ ಸುಕ್ಕುಗಟ್ಟಬಲ್ಲದು. ಆದ್ದರಿಂದ ಪದರಗಳ ಆಕಾರ, ಸುತ್ತಲಿನ ಕಲ್ಲು, ಉಳಿದಿರುವ ಇಂಗಾಲ ಮೂರನ್ನೂ ಪರೀಕ್ಷಿಸುತ್ತಾರೆ. ಜೀವಿಗಳು ಹಗುರ ಇಂಗಾಲವನ್ನು ಹೆಚ್ಚು ಆರಿಸಿಕೊಳ್ಳುತ್ತವೆ. ಆ ಒಲವು ಕಲ್ಲಿನಲ್ಲಿ ಕೋಟಿಗಟ್ಟಲೆ ವರ್ಷ ಉಳಿಯುತ್ತದೆ.

ಮನೆಗೆ ಬಂದ ಪಳೆಯುಳಿಕೆ, ಕೋಟೆಯಲ್ಲಿ ಕುಣಿಯುವ ಡೈನೋಸಾರ್

ನಮ್ಮ ಕಲ್ಲಿನಲ್ಲಿ ಪ್ರಾಣಿಗಳ ಪಳೆಯುಳಿಕೆ ಇಲ್ಲದಿದ್ದರೂ ನಮ್ಮ ಮನೆಗಳಲ್ಲಿವೆ. ಸವಣೂರು ಮಾಧ್ವ ಯತಿ ಸತ್ಯಬೋಧ ತೀರ್ಥರ ವೃಂದಾವನವಿರುವ ಊರು. ಮಾಧ್ವ ಮನೆಗಳ ದೇವರ ಪೆಟ್ಟಿಗೆಯಲ್ಲಿ ಸಾಲಿಗ್ರಾಮ ಇದ್ದೇ ಇರುತ್ತದೆ. ನೇಪಾಳದ ಗಂಡಕಿ ನದಿಯಿಂದ ಬರುವ ಆ ಕಪ್ಪು ಕಲ್ಲಿನೊಳಗೆ ಕಾಣುವ ಚಕ್ರ, ಅಮೋನೈಟ್ ಎಂಬ ಸಮುದ್ರಜೀವಿಯ ಸುರುಳಿ ಚಿಪ್ಪಿನ ಅಚ್ಚು. ಇಂದಿನ ಆಕ್ಟೋಪಸ್, ಸ್ಕ್ವಿಡ್‌ಗಳ ನೆಂಟ ಅದು. ಸುಮಾರು 15 ಕೋಟಿ ವರ್ಷಗಳ ಹಿಂದೆ ಟೆಥಿಸ್ ಸಮುದ್ರದಲ್ಲಿ ಈಜುತ್ತಿತ್ತು. ಆಮೇಲೆ ಭಾರತದ ನೆಲ ಉತ್ತರಕ್ಕೆ ಸರಿದು ಏಷ್ಯಾವನ್ನು ಒತ್ತಿದಾಗ ಆ ಕಡಲತಳ ಎದ್ದು ಹಿಮಾಲಯವಾಯಿತು. ಈ ವಿವರಣೆಯಿಂದ ಪೂಜೆಯ ಘನತೆ ಕುಗ್ಗುವುದಿಲ್ಲ. ಹಿಮಾಲಯ ಒಂದು ಕಾಲಕ್ಕೆ ಕಡಲಾಗಿತ್ತು ಎಂಬುದಕ್ಕೆ ಇಷ್ಟು ಕಾಲ ಜೋಪಾನವಾಗಿ ಉಳಿದ ಸಾಕ್ಷಿ ನಮ್ಮ ಪೆಟ್ಟಿಗೆಯಲ್ಲಿದೆ ಎಂದು ತಿಳಿದರೆ ಅದನ್ನು ಮುಟ್ಟುವ ಕೈ ಇನ್ನಷ್ಟು ಮೃದುವಾದೀತು.

ಅಂಗಳ, ಪಡಸಾಲೆಗೆ ಹಾಸಿದ ಶಹಾಬಾದ್ ಫರಸಿಯೂ ಒಂದು ಕಡಲತಳವೇ. ಆ ಸುಣ್ಣದ ಕಲ್ಲಿನ ಜೊತೆಗಾರ ಪದರಗಳಾದ ಭೀಮಾ ಶಿಲಾವರ್ಗದ ಜೇಡಿಗಲ್ಲುಗಳಲ್ಲಿ ಚುವಾರಿಯಾ ಎಂಬ ಸಣ್ಣ ಕಪ್ಪು ಬಿಲ್ಲೆಗಳು ಸಿಕ್ಕಿವೆ. ಪ್ರಾಣಿಗಳು ತುಂಬುವ ಮೊದಲಿನ ಸಮುದ್ರದಲ್ಲಿ, ಬರಿಗಣ್ಣಿಗೆ ಕಾಣುವಷ್ಟು ದೊಡ್ಡದಾಗಿ ಬೆಳೆದಿದ್ದ ಜೀವಿಗಳು ಅವು.

ಇನ್ನು ಡೈನೋಸಾರ್. 1861ರಲ್ಲಿ ಜರ್ಮನಿಯ ಸುಣ್ಣದ ಕಲ್ಲಿನಲ್ಲಿ ಆರ್ಕಿಯಾಪ್ಟೆರಿಕ್ಸ್ ಸಿಕ್ಕಿತು. ಗರಿಯಿರುವ ರೆಕ್ಕೆ ಹಕ್ಕಿಯದು, ಹಲ್ಲು ಮತ್ತು ಎಲುಬಿನ ಬಾಲ ಸರೀಸೃಪದವು. 1996ರಲ್ಲಿ ಚೀನಾದಲ್ಲಿ ಮೈತುಂಬ ಗರಿಯೆಳೆಗಳಿದ್ದ ಪುಟ್ಟ ಡೈನೋಸಾರ್ ಬೆಳಕಿಗೆ ಬಂದ ಮೇಲೆ ಸಂಶಯ ಇನ್ನೂ ಕಳೆಯಿತು. ಇಂದಿನ ಹಕ್ಕಿಗಳು ಡೈನೋಸಾರ್‌ಗಳ ಉಳಿದ ಕುಲ. ಶಿಗ್ಗಾವಿ ತಾಲ್ಲೂಕಿನ ಬಂಕಾಪುರದ ಹಳೆಯ ಕೋಟೆ ಇಂದು ನವಿಲುಧಾಮ. ಅಲ್ಲಿ ನವಿಲು ಮಣ್ಣಿನಲ್ಲಿ ಮೂಡಿಸಿದ ಮೂರು ಬೆರಳಿನ ಹೆಜ್ಜೆಯನ್ನು ಮಗುವಿಗೆ ತೋರಿಸಿ. ಮಾಂಸಾಹಾರಿ ಡೈನೋಸಾರ್‌ಗಳ ಕಲ್ಲಾದ ಹೆಜ್ಜೆಗುರುತುಗಳ ಆಕಾರ ಅದೇ.

ಎಲುಬು ಸಿಗಬಹುದಾದ ಜಾಗ

ಬೂದು ಕಲ್ಲಿನಲ್ಲಿ ಎಲುಬು ಇಲ್ಲ. ಅದರ ಮೇಲಿನ ಎಳೆಯ ಮಣ್ಣಿನ ಮಾತು ಬೇರೆ. ಬ್ರೂಸ್ ಫೂಟ್ 1870ರ ದಶಕದ ಆರಂಭದಲ್ಲಿ ಗೋಕಾಕ ತಾಲ್ಲೂಕಿನ ಹಳ್ಳದ ದಂಡೆಯ ಮಣ್ಣಿನಲ್ಲಿ ಘೇಂಡಾಮೃಗದ ಎಲುಬುಗಳನ್ನು ಕಂಡು, 1874ರಲ್ಲಿ ಅದಕ್ಕೆ ದಖ್ಖನ್ನಿನ ಹೆಸರಿಟ್ಟು ವಿವರಿಸಿದರು. ಇಂದು ಕಾಡಿನ ಘೇಂಡಾಮೃಗ ನೋಡಲು ಅಸ್ಸಾಮಿನಂಥ ದೂರದ ಕಡೆಗೆ ಹೋಗಬೇಕು. ಒಂದು ಕಾಲಕ್ಕೆ ಅದರ ಬಳಗ ಘಟಪ್ರಭೆಯ ಬಯಲಿನಲ್ಲಿ ಮೇಯುತ್ತಿತ್ತು. ಸುರಪುರ ಸೀಮೆಯ ಹುಣಸಗಿ-ಬೈಚಬಾಳ ಕಣಿವೆಯಲ್ಲಿ ಕೆ. ಪದ್ದಯ್ಯ ಮತ್ತು ಸಂಗಡಿಗರು ದಶಕಗಳ ಕಾಲ ದುಡಿದರು. ಅಲ್ಲಿನ ಇಸಾಂಪುರದಲ್ಲಿ ಆದಿಮಾನವರ ಕಲ್ಲಿನ ಆಯುಧಗಳ ಜೊತೆ ಸಿಕ್ಕ ದನದ ಜಾತಿಯ ಹಲ್ಲಿನ ವಯಸ್ಸು ಸುಮಾರು 12 ಲಕ್ಷ ವರ್ಷ ಎಂದು ಅಂದಾಜಾಯಿತು.

ನಮ್ಮಲ್ಲಿ ವರದಾ ಇದೆ, ಧರ್ಮಾ ಇದೆ, ಕುಮುದ್ವತಿ ಇದೆ. ನದಿಗಳು ಸಾವಿರಾರು ವರ್ಷ ಹೊತ್ತು ತಂದ ಮಣ್ಣು ದಂಡೆಗಳಲ್ಲಿ ಪದರ ಪದರವಾಗಿದೆ. ಹೊಂಡ ತೋಡುವಾಗ, ಮರಳು ತೆಗೆಯುವಾಗ ಅಸಾಮಾನ್ಯ ತೂಕದ, ಕಲ್ಲಿನಂತಾದ ಎಲುಬೋ ಹಲ್ಲೋ ಕಂಡರೆ ಕೆಲಸ ನಿಲ್ಲಿಸಿ. ತೊಳೆಯಬೇಡಿ, ಒಡೆದು ನೋಡಬೇಡಿ. ಇದ್ದಲ್ಲೇ, ಪಕ್ಕದಲ್ಲಿ ಅಳತೆಗೆ ಒಂದು ಪೆನ್ ಇಟ್ಟು ಫೋಟೊ ತೆಗೆಯಿರಿ. ಎಷ್ಟು ಅಡಿ ಆಳ, ಯಾವ ಬಣ್ಣದ ಮಣ್ಣು ಎಂದು ಬರೆದಿಡಿ. ತಹಶೀಲ್ದಾರರ ಕಚೇರಿಗೂ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗಕ್ಕೂ ತಿಳಿಸಿ. ಜಾಗದಿಂದ ಕಿತ್ತ ಎಲುಬು ಅರ್ಧ ಮೂಕವಾಗುತ್ತದೆ, ಅದರ ವಯಸ್ಸು ಹೇಳುವುದು ಸುತ್ತಲಿನ ಮಣ್ಣು.

ಸ್ಟ್ರೊಮ್ಯಾಟೊಲೈಟ್‌ಗಳ ಪಾಡು ಇನ್ನೂ ಸೂಕ್ಷ್ಮ. ಅವು ಸುಣ್ಣದ ಕಲ್ಲು. ಸಿಮೆಂಟಿಗೂ ಬೇಕು, ಜಲ್ಲಿಗೂ ಬರುತ್ತದೆ. ಲಾಲ್‌ಬಾಗಿನ ಬಂಡೆ, ಚಿತ್ರದುರ್ಗದ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ, ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳೆಂದು ಗುರುತಾಗಿವೆ. ರಾಜಸ್ಥಾನದಲ್ಲಿ ಸ್ಟ್ರೊಮ್ಯಾಟೊಲೈಟ್‌ಗಳಿಗೆ ಉದ್ಯಾನವೇ ಇದೆ. ಕರ್ನಾಟಕದ ಹಾವಸೆ ಕಲ್ಲುಗಳಿಗೂ ಒಂದು ಬೇಲಿ, ಒಂದು ಕನ್ನಡ ಫಲಕ, ಕ್ವಾರಿ ಪರವಾನಗಿ ಕೊಡುವ ಮೊದಲು ಭೂವಿಜ್ಞಾನಿಯ ಒಂದು ನೋಟ ಬೇಕು. ನಾವು ಕೇಳದಿದ್ದರೆ ಯಾರೂ ಕೇಳುವುದಿಲ್ಲ. ವೀರಗಲ್ಲು ಒಡೆದರೆ ಊರು ಎದ್ದು ನಿಲ್ಲುತ್ತದೆ, ಏಕೆಂದರೆ ಅದರಲ್ಲಿ ಯಾರ ಕಥೆಯಿದೆ ಎಂದು ಊರಿಗೆ ಗೊತ್ತು. ಈ ಗೆರೆಗಳ ಕಥೆಯೂ ಹಾಗೆ ಊರಿಗೆ ಗೊತ್ತಾಗಬೇಕು.

ಅದು ಶಾಲೆಯಿಂದ ಶುರುವಾಗಲಿ. ಮುಂದಿನ ಪ್ರವಾಸಕ್ಕೆ ಹಾನಗಲ್ಲಿಗೆ ಹೋದ ಶಿಕ್ಷಕರು ದೇವಾಲಯದ ಶಿಲ್ಪದ ಜೊತೆ ಅದರ ಕಲ್ಲನ್ನೂ ತೋರಿಸಲಿ. ಬಾಗಿಲಿನಿಂದ ಹೊರಟು ಮಕ್ಕಳ ಕೈಯಲ್ಲಿ ಹೆಜ್ಜೆ ಎಣಿಸಲಿ. ಏಳನೇ ಹೆಜ್ಜೆಯಲ್ಲಿ ನಿಲ್ಲಬೇಕೆನಿಸುತ್ತದೆ, ಮಕ್ಕಳಿಗೆ ಪ್ರಿಯವಾದದ್ದೆಲ್ಲ ಅಲ್ಲಿದೆ. ಅಲ್ಲಿ ಸ್ವಲ್ಪ ನಿಂತು ಮುಂದೆ ನಡೆಯಲಿ. 260ನೇ ಹೆಜ್ಜೆಯಲ್ಲಿ ಬಾವಿಯ ದಂಡೆಯಿಂದ ತಂದ ಒಂದು ಬೂದು ಕಲ್ಲನ್ನು ಅವರ ಕೈಗೆ ಇಟ್ಟು, ಒಮ್ಮೆ ಉಸಿರೆಳೆದುಕೊಳ್ಳಿ ಎಂದು ಹೇಳಲಿ.